ಒಡ್ಡಿದ ಕೈ

ಸೋಮವಾರ ಕಳೆ ತೆಗೆಯುವ ಕೂಲಿಗೆ ಸಾವಂತ್ರೆವ್ವ ಬರಲಿಲ್ಲ. ಜ್ವರ ಬಂದಿರಬೇಕು ಅಂದುಕೊಂಡಳು ಹೊಲದೊಡತಿ ಸುಂದರವ್ವ. ಮಂಗಳವಾರವೂ ಬರದಿದ್ದಾಗ ಕಡಲೆ ಸಾಲಿನಲ್ಲಿ ಕೂತಿದ್ದ ಹೆಂಗಸರನ್ನು ಕೇಳಿದಳು. ಯಾರೂ ತಲೆ ಎತ್ತಲಿಲ್ಲ. ಕುರ್ಪಿ ಮಣ್ಣು ಕೆರೆಯುವ ಸಪ್ಪಳವೊಂದೇ. ಕಡೆಗೆ ಮಾಯವ್ವ ನೆಲ ನೋಡುತ್ತಲೇ ಅಂದಳು:

"ಅಕಿ ಯಾವ ಮಾರಿ ಹೊತ್ತು ಬರ್ತಾಳ್ರಿ ಅವ್ವಾರ. ನೀವು ಅವರಾಕಿ ಆದ್ರಂತಲ್ಲ, ಊರೆಲ್ಲ ಅದ ಮಾತು."

"ಯಾರಾಕಿ ಆದೆ ನಾ?"

ಮಾಯವ್ವ ಮುಂದಿನ ಸಾಲಿಗೆ ಸರಿದಳು. ಆದಿತ್ಯವಾರದ ಸಂಗತಿ ಅಂತ ಸುಂದರವ್ವನಿಗೆ ಆಗ ತಿಳಿಯಿತು.

ಬೈಲಹೊಂಗಲದ ರಸ್ತೆಗೆ ಹತ್ತಿ, ಊರು ಮುಗಿಯುವಲ್ಲಿ, ಕೆಳಗಿನ ಓಣಿಯ ಮಗ್ಗುಲಿಗೆ ಒಂದು ತಗಡಿನ ಶೆಡ್ಡು ಇತ್ತು. ಅದೇ ಪ್ರಾರ್ಥನೆಯ ಮನೆ. ನಡೆಸುವವನು ಸಾವಂತ್ರೆವ್ವನ ಮಗ ಸದಾಶಿವ. ಗೌಂಡಿಯಾಗಿ ಗೋಡೆ ಕಟ್ಟಿಕೊಂಡಿದ್ದವನು ಧಾರವಾಡದಲ್ಲಿ ಬೈಬಲ್ಲು ಓದಿ ಬಂದು ಪಾಸ್ಟರ್ ಆದ. ಮೊದಮೊದಲು ಅಲ್ಲಿ ಕೂಡುತ್ತಿದ್ದವರು ಅದೇ ಓಣಿಯ ನಾಲ್ಕು ಮನೆಯವರು. ಈ ವರ್ಷ ಧಾರವಾಡದ ಅವನ ಸಭೆಯ ಹಿರಿಯರು, "ಬಾಗಿಲು ಊರಿಗೆಲ್ಲ ತಗಿಯಪ್ಪಾ. ಬೋಧನಿ ಆಮ್ಯಾಗ, ಮೊದಲ ಊರ ಮಂದಿ ಜೋಡಿ ಕುಂತ ಉಣ್ಣು" ಅಂದರಂತೆ. ಅಲ್ಲಿಂದ ತಿಂಗಳಿಗೊಂದು ಆದಿತ್ಯವಾರ ಬಿ.ಪಿ., ಶುಗರು ನೋಡಲು ನರ್ಸಬಾಯಿ ಬರತೊಡಗಿದಳು. ಮಧ್ಯಾಹ್ನ ಎಲ್ಲರಿಗೂ ಗೋಧಿ ಹುಗ್ಗಿ. ಅದಕ್ಕೂ ಮುಂಚೆ ಭಜನೆ.

ಸುಂದರವ್ವನನ್ನು ಅಲ್ಲಿಗೆ ಕರೆದದ್ದು ಭಜನೆ. ಊರ ಮಠದ ಭಜನೆ ನಿಂತುಹೋಗಿತ್ತು. ಹಾಡುವ ಹಿರಿಯರು ಒಬ್ಬೊಬ್ಬರೇ ಹೋದರು, ಉಳಿದವರಿಗೆ ಮೈಕಿನ ಪೆಟ್ಟಿಗೆಯೇ ಸಾಕೆನಿಸಿತು. ಸಣ್ಣವನಿದ್ದಾಗ ಸದಾಶಿವ ಮಠದ ಕಟ್ಟೆಯ ಕೆಳಗೆ, ಚಪ್ಪಲಿಗಳ ನಡುವೆ ಕೂತು ಕೇಳಿದ ಧಾಟಿಗಳು ಈಗ ತಗಡಿನ ಕೆಳಗೆ ಎದ್ದಿದ್ದವು. ಏಕತಾರಿ, ತಾಳ, ದಮ್ಮಡಿ ಎಲ್ಲವೂ ಅವೇ.

*ತಪ್ಪಿದ ಕುರಿಮರಿ ಕಂಟ್ಯಾಗ ಸಿಕ್ಕೈತಿ*
*ಒಪ್ಪಿಕೊಂಡೊಯ್ಯೋ ಹೆಗಲೇರಿಸಿ*

ಕಬ್ಬಿನ ಹೊಲದ ಆಚೆಯಿಂದ ಈ ನುಡಿ ಕೇಳಿದ ದಿನ ಸುಂದರವ್ವ ತಲೆಯ ಮೇಲಿನ ಮೇವಿನ ಹೊರೆ ಇಳಿಸಿ ನಿಂತುಬಿಟ್ಟಿದ್ದಳು. ಆಯಿ ಬೀಸುಕಲ್ಲಿನ ಮುಂದೆ ಕೂರಿಸಿ ಕಲಿಸಿದ ಪದಗಳ ಮೇಲೆ ಬೆಳೆದ ಜೀವ. ಒಳ್ಳೆಯ ನುಡಿ ಎತ್ತ ಕೇಳಿದರೆ ಕಾಲು ಅತ್ತ. ಮುಂದಿನ ಸಲ ಶೆಡ್ಡಿನ ಬಾಗಿಲಲ್ಲೇ ಕೂತಳು. ಅದರ ಮುಂದಿನ ಸಲ ಚಾಪೆಯ ತುದಿಗೆ.

ಮೊನ್ನೆ ಆದಿತ್ಯವಾರ ಪದ ಮುಗಿದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತೆರೆದಾಗ ಸದಾಶಿವ ಒಂದು ತಾಟು, ಒಂದು ಬಟ್ಟಲು ಹಿಡಿದು ಸಾಲಿನುದ್ದಕ್ಕೆ ಬರುತ್ತಿದ್ದ. ಮಂದಿ ತಲೆ ಬಾಗಿಸಿ ಸ್ವೀಕರಿಸುತ್ತಿದ್ದರು. ಸುಂದರವ್ವ ಸೆರಗು ತಲೆಗೆಳೆದು, ಅರ್ಧ ಎದ್ದು, ಎಡಗೈ ಮೇಲೆ ಬಲಗೈ ಇಟ್ಟು ಬೊಗಸೆ ಒಡ್ಡಿದಳು. ಬಂದ ಪ್ರಸಾದಕ್ಕೆ ಕೈ ಒಡ್ಡದಿರುವುದು ಅವಳಿಗೆ ಗೊತ್ತೇ ಇರಲಿಲ್ಲ. ಸದಾಶಿವ ಅವಳ ಮುಂದೆ ನಿಂತ. ಸ್ವಲ್ಪ ಹೆಚ್ಚೇ ಹೊತ್ತು ನಿಂತ. ಆಮೇಲೆ ರೊಟ್ಟಿಯ ಚೂರೊಂದು ಇಟ್ಟು, ದ್ರಾಕ್ಷಿಯ ರಸ ಒಂದು ಗುಟುಕು ಹಾಕಿದ. ಅವಳು ತಿಂದು ಕುಡಿದು, ಒದ್ದೆ ಅಂಗೈಯನ್ನು ತೀರ್ಥ ತೊಗೊಂಡವರ ಹಾಗೆ ಕಣ್ಣಿಗೊತ್ತಿ ನೆತ್ತಿಗೆ ಸವರಿಕೊಂಡಳು. ತನ್ನವ್ವನ ಬಿ.ಪಿ. ತೋರಿಸಲು ಬಂದಿದ್ದ ಸಂದೀಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಸುಂದರವ್ವನ ಮಗ ಸುಭಾಸನ ಗೆಳೆಯ, ಹಣೆಯ ತುಂಬ ಕುಂಕುಮ ಹಚ್ಚಿಕೊಂಡು ಧರ್ಮರಕ್ಷಣೆಯ ಮೀಟಿಂಗಿಗೆ ತಿರುಗುವವನು.

ಮಂಗಳವಾರ ಮಧ್ಯಾಹ್ನ ಸುಭಾಸ ಕಬ್ಬಿನ ಟ್ರ್ಯಾಕ್ಟರನ್ನು ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಬೇರೆಯವರ ಕೈಲಿ ಕಳಿಸಿ ಮನೆಗೆ ಬಂದ. ಜಗಲಿಯ ಮೇಲೆ ಅಪ್ಪ ವೀರಪ್ಪ ಹಗ್ಗ ಹೊಸೆಯುತ್ತಿದ್ದ.

"ಯವ್ವಾ, ನಾಳೆ ಚಾವಡಿಗೆ ಹವಾಲ್ದಾರ ಬರ್ತಾನ. ನೀ ಒಂದ ಮಾತ ಹೇಳಬೇಕು. ಏನ ಕೊಡಾಕತ್ತಾನ ಗೊತ್ತಾಗಲಿಲ್ಲ, ಮೋಸ ಮಾಡಿ ಕುಡಿಸಿದ ಅನ್ನು. ಸಂದೀಪ ದೂರಿನ್ಯಾಗ ಎಲ್ಲಾ ಬರಿಸ್ಯಾನ."

"ಹಂಗ ಅಂದ್ರ ಏನಾಕ್ಕೈತಿ?"

"ಸದಾಶಿವ ಒಳಗ ಹೋಗ್ತಾನ. ಲಗೂನ ಹೊರಗ ಬರಂಗಿಲ್ಲ."

"ಅನ್ನಲಿಲ್ಲಂದ್ರ?"

ಸುಭಾಸ ಗೋಡೆ ನೋಡಿದ. "ಅನ್ನಲಿಲ್ಲಂದ್ರ ನೀ ಮನಸಾರೆ ಹೋಗಿ ಅತ್ತಾಗ ಸೇರಿದಿ ಅಂತಾತು. ಮಠದ ಅಯ್ಯಾರು ನಮ್ಮ ಹೊಸ್ತಲ ತುಳಿಯಂಗಿಲ್ಲ. ನಾಳೆ ನೀ ಸತ್ರ ಮಣ್ಣಿಗೆ ಯಾರ ಬರ್ತಾರ ಹೇಳು."

"ಅಕಿನ್ನ ಇವತ್ತ ಸಾಯಿಸಬ್ಯಾಡೋ. ಮೊದಲ ಊಟ ಮಾಡು," ಅಂದ ವೀರಪ್ಪ. ಹಗ್ಗದಿಂದ ತಲೆ ಎತ್ತಲಿಲ್ಲ. ಅವನ ಕೈ ಮಾತ್ರ ಹೊಸೆಯುವುದನ್ನು ನಿಲ್ಲಿಸಿತ್ತು.

ಸುಭಾಸ ಉಣ್ಣದೆ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ಅಲುಗಾಡಿತು. ಸಾವಂತ್ರೆವ್ವ. ಒಳಗೆ ಬರಲಿಲ್ಲ, ಸಗಣಿ ಕುಳ್ಳಿನ ರಾಶಿಯ ಮರೆಗೆ ಕೂತಳು.

"ಅವ್ವಾರ, ಓಣ್ಯಾಗ ನಿನ್ನೆಯಿಂದ ಅಂಜಿ ಯಾರೂ ಒಲಿ ಹಚ್ಚಿಲ್ರಿ. ಹುಡುಗ್ರನ್ನ ಸಾಲಿಗೆ ಕಳಸಿಲ್ಲ. ಊರ ಬಿಟ್ಟ ಹೋಗಪ್ಪಾ ಅಂದ್ರ ನನ್ನ ಮಗ ಒಲ್ಲೆ ಅಂತಾನ."

"ಕೊಟ್ಟಿದ್ದು ತಪ್ಪೇನ ಸಾವಂತ್ರೆವ್ವಾ?"

"ತಪ್ಪಂತ್ರಿ. ನಮ್ಮಲ್ಲಿ ದೀಕ್ಷಾಸ್ನಾನ ಆದವರಿಗಷ್ಟ ಅದನ್ನ ಕೊಡೋದು. ಹಿರ್ಯಾರೂ ಫೋನಿನ್ಯಾಗ ಬೈದ್ರು ಅವಗ."

"ಮತ್ತ ಯಾಕ ಕೊಟ್ಟ?"

"ನಾನೂ ಕೇಳಿದೆ. ಅವ್ವಾರು ಬೊಗಸಿ ಒಡ್ಡಿದ್ರು, ಬರೇ ಬೊಗಸಿ ಹೆಂಗ ತಿರುಗಿಸಲಿ ಅಂದ." ಸಾವಂತ್ರೆವ್ವ ಮೂಗು ಒರೆಸಿಕೊಂಡಳು. "ನಿಮ್ಮ ಮನ್ಯಾಗಿನ ಸಂಕಟಾ ನಮಗೂ ತಿಳಿತೈತ್ರಿ. ನೀವು ಏನಾರ ಹೇಳ್ರಿ. ಮೋಸ ಮಾಡ್ಯಾನ ಅಂತ ಮಾತ್ರ ಅನಬ್ಯಾಡ್ರಿ."

ಸುಂದರವ್ವ ಒಳಗಿಂದ ನಾಲ್ಕು ರೊಟ್ಟಿ ತಂದಳು. ಸಾವಂತ್ರೆವ್ವ ಅವನ್ನು ಸೆರಗಿನೊಳಗೆ ಮುಚ್ಚಿಕೊಂಡು, ಕದ್ದವಳ ಹಾಗೆ ಬೇಲಿ ಹಿಡಿದು ಹೋದಳು.

ಬುಧವಾರ ಚಾವಡಿಯ ಮುಂದೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಬೇರೆ ಊರಿನ ಹುಡುಗರೂ ಬಂದಿದ್ದರು. ಅವರ ಮುಖ ಸುಂದರವ್ವನಿಗೆ ಗುರುತಿಲ್ಲ; ಅವರಿಗೆ ಅವಳ ಹೆಸರು ಗೊತ್ತಿತ್ತು. ಅವಳು ಹಾದುಹೋಗುವಾಗ ಒಬ್ಬ ಇನ್ನೊಬ್ಬನಿಗೆ ತೋರಿಸಿದ. ಕೆಳಗಿನ ಓಣಿಯಿಂದ ಬಂದವನು ಸದಾಶಿವನೊಬ್ಬನೇ. ಅವನ ಅಂಗಿಯ ತೋಳು ಹರಿದಿತ್ತು. ಬರುವ ದಾರಿಯಲ್ಲಿ ಹರಿದದ್ದೋ ಮೊದಲೇ ಹರಿದಿತ್ತೋ, ಯಾರೂ ಕೇಳಲಿಲ್ಲ.

ಹವಾಲ್ದಾರ ಕುರ್ಚಿಯ ಮೇಲೆ ಕೂತು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. "ಮೊದಲ ನೀ ಹೇಳಪ್ಪಾ ಪಾಸ್ಟರ. ಏನ ನಡೀತು?"

ಸದಾಶಿವ ಸುಂದರವ್ವನ ಕಡೆ ಒಮ್ಮೆ ನೋಡಿದ. ಆಮೇಲೆ ಸುಭಾಸನ ಕಡೆ.

"ಅವರದೇನೂ ಇಲ್ರಿ ಸಾಹೇಬ್ರ. ಪದ ಕೇಳಾಕ ಬಂದಿದ್ರು. ಅವರು ಕೈ ಒಡ್ಡಿದ್ದಿಲ್ಲ. ನಾನ ಒತ್ತಾಯ ಮಾಡಿ ಕೊಟ್ಟೆ."

ಗುಂಪು ಜೇನುಗೂಡಿನ ಹಾಗೆ ಗುಂಯ್‌ಗುಟ್ಟಿತು. ವೀರಪ್ಪ ಹೆಂಡತಿಯ ತೋಳು ಹಿಡಿದ, ಸಾಕು, ಮನೆಗೆ ನಡೆ ಅನ್ನುವ ಹಾಗೆ. ಸುಭಾಸನ ಮುಖದಲ್ಲಿ ಎರಡು ದಿನದ ಮೇಲೆ ಗೆಲುವು ಕಂಡಿತು. ಸುಂದರವ್ವನಿಗೆ ಎಲ್ಲ ತಿಳಿಯಿತು. ಅವಳ ಮನೆ ಉಳಿಯಲಿ ಅಂತ ಸದಾಶಿವ ತನ್ನ ಕುತ್ತಿಗೆ ಕೊಟ್ಟಿದ್ದ. ಅವಳೀಗ ಸುಮ್ಮನಿದ್ದರೆ ಆಯಿತು. ಜನ್ಮವೆಲ್ಲ ಮಾಡಿದ್ದೂ ಅದನ್ನೇ. ಹಾಡುವವರು ಹಾಡಿದರು, ಹೇಳುವವರು ಹೇಳಿದರು, ಅವಳು ಕೇಳಿದಳು. ಸೀರೆಯ ನಿರಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಅಂವ ಸುಳ್ಳ ಹೇಳಾಕತ್ತಾನ್ರಿ."

ಹವಾಲ್ದಾರ ತಿರುಗಿದ. "ಏನಂದ್ರಿ ಬಾಯಿ? ಜೋರಾಗಿ ಹೇಳ್ರಿ."

"ಕೈ ನಾನ ಒಡ್ಡೀನ್ರಿ. ನಮ್ಮ ಆಯಿ ಕಲಿಸಿದ್ದು. ಪ್ರಸಾದ ಬಂದ್ರ ಕೊಟ್ಟಾವ ಯಾರಂತ ಕೇಳಬಾರದು. ಅವಗ ಕೊಡೋ ಮನಸ ಇರಲಿಲ್ಲ. ನಾ ಒಡ್ಡೀನಂತ ಕೊಟ್ಟ."

"ಯವ್ವಾ," ಅಂದ ಸುಭಾಸ.

ಸಂದೀಪ ಮುಂದೆ ಬಂದ. "ಕಾಕೂ, ಅದು ಪ್ರಸಾದ ಅಲ್ಲ. ಅವರ ದೇವರ ರಕ್ತ ಅಂತ ಕುಡಿಸ್ತಾರ ಅದನ್ನ. ಏನ ತಿಳಿದ ಕುಡದೀರಿ?"

"ನಿಮ್ಮವ್ವ ಅದ ಶೆಡ್ಡಿನ್ಯಾಗ ಎರಡ ಸಲ ಹುಗ್ಗಿ ನೀಡಿಸ್ಕೊಂಡ್ಲಲ್ಲೋ. ಅಕಿ ಏನ ತಿಳಿದ ಉಂಡ್ಲು?"

ಹಿಂದೆ ಯಾರೋ ನಕ್ಕರು. ನಾಲ್ಕು ಮಂದಿ ನಕ್ಕರು. ಸಂದೀಪನ ದವಡೆ ಬಿಗಿದದ್ದು ಕಂಡು ನಗೆ ಅಲ್ಲೇ ಅಡಗಿತು. ಆ ಮಾತು ಆಡಬಾರದಿತ್ತು ಅಂತ ಸುಂದರವ್ವನಿಗೆ ಆಡಿದ ಮೇಲೆ ಅನಿಸಿತು. ಅವನು ಅವಳನ್ನು ನೋಡುತ್ತಿರಲಿಲ್ಲ. ಸದಾಶಿವನನ್ನೇ ನೋಡುತ್ತಿದ್ದ.

"ಈಗ ನೀವು ಅವರ ಧರ್ಮಾ ಸೇರೀರೇನು?" ಹವಾಲ್ದಾರ ಕೇಳಿದ.

"ಕೊರಳಾಗ ಲಿಂಗ ಐತ್ರಿ. ಮುಂಜಾನೆ ಪೂಜಾ ಮಾಡೇ ಬಂದೇನಿ."

ಹವಾಲ್ದಾರ ಪೆನ್ನು ಕಿಸೆಗೆ ಸಿಕ್ಕಿಸಿ ಎದ್ದ. "ಈ ಬಾಯಾರ ಮೋಸ ಇಲ್ಲ ಅಂದ ಮ್ಯಾಲ ನಾ ಏನ ಬರೀಲಿ. ಎಲ್ಲಾರೂ ಮನಿಗೆ ನಡೀರಿ. ಪಾಸ್ಟರ, ನೀನೂ ಸ್ವಲ್ಪ ದಿನ ಬಾಗಲಾ ಹಾಕ್ಕೊಂಡಿರು, ತಿಳೀತೇನು?"

ಅವನ ಗಾಡಿಯ ಸಪ್ಪಳ ದೂರವಾಯಿತು. ಮಂದಿ ಚದುರಲಿಲ್ಲ. ಸದಾಶಿವ ಮಂದಿಯ ನಡುವೆ ದಾರಿ ಬಿಡಿಸಿಕೊಂಡು ಕೆಳಗಿನ ಓಣಿಯ ಕಡೆ ನಡೆದ. ಓಡಿದರೆ ಬೆನ್ನಟ್ಟುತ್ತಾರೆ ಅಂತ ಗೊತ್ತಿದ್ದವನ ನಡಿಗೆ ಅದು.

ಸುಂದರವ್ವ ಮನೆಗೆ ಬಂದು ನಡುಮನೆಯ ಕಂಬಕ್ಕೆ ಒರಗಿದಳು. ಎದುರುಮನೆಯವಳು ಅವಳನ್ನು ಕಂಡು ಕದ ಎಳೆದುಕೊಂಡಿದ್ದಳು. ಸುಭಾಸ ಹಿಂದೆ ಬರಲಿಲ್ಲ. ವೀರಪ್ಪ ಬಂದವನು ಜಗಲಿಯ ಮೇಲೆ ಕೂತ. ಬೈಯುತ್ತಾನೆ ಅಂತ ಅವಳು ಕಾದಳು.

"ಏನ್ರೀ," ಅಂದಳು ಕಡೆಗೆ. "ತಪ್ಪ ಮಾಡಿದ್ನೇನು?"

"ಗೊತ್ತಿಲ್ಲ." ಅವನು ಅರ್ಧ ಹೊಸೆದ ಹಗ್ಗ ಬದಿಗೆ ಸರಿಸಿದ. "ಸುಳ್ಳ ಹೇಳಿದ್ರ ನಾ ನಿನ್ನ ಕೈಲಿ ಊಟಾ ಹೆಂಗ ಮಾಡ್ತಿದ್ದೆ, ಅದೂ ಗೊತ್ತಿಲ್ಲ."

ಆಗ ಚಾವಡಿಯ ಕಡೆಯಿಂದ ಮೋಟರಸೈಕಲ್ಲುಗಳು ಒಂದರ ಹಿಂದೊಂದು ಚಾಲೂ ಆದವು. ಸುಂದರವ್ವ ಕಿವಿಗೊಟ್ಟಳು. ದೊಡವಾಡದ ಕಡೆ ತಿರುಗಿದರೆ ಹೊರಗಿನ ಹುಡುಗರು ತಮ್ಮ ದಾರಿ ಹಿಡಿದರು ಅಂತ. ಸಪ್ಪಳ ಅತ್ತ ತಿರುಗಲಿಲ್ಲ. ಊರಬಾಗಿಲ ಅಗಸಿ ದಾಟಿ ಬೈಲಹೊಂಗಲದ ರಸ್ತೆಗೆ, ಶೆಡ್ಡಿನ ಕಡೆಗೆ ಇಳಿಯಿತು. ಅಷ್ಟರ ನಡುವೆ ಒಂದು ಗಾಡಿ ಕೆಮ್ಮಿ ಕೆಮ್ಮಿ ಓಡುತ್ತಿತ್ತು. ವೀರಪ್ಪನಿಗೂ ಅದು ಕೇಳಿತ್ತು.

"ನಮ್ಮ ಸುಭಾಸನ ಗಾಡಿ ಐತಿ ಅದರಾಗ," ಅಂದ.

ಸುಂದರವ್ವ ಎದ್ದು ಚಪ್ಪಲಿ ಮೆಟ್ಟಿದಳು. ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲು ದಾಟಿದಳು.

"ಎಲ್ಲಿಗೆ?"

"ಅಲ್ಲಿಗೆ. ನಾ ಮುಂದ ನಿಂತ್ರ ಕಲ್ಲ ಎತ್ತಾಕ ನಮ್ಮಾವಗರ ನಾಚಿಕಿ ಆದೀತು."

"ಆಗಲಿಲ್ಲಂದ್ರ?"

ಅವಳು ಆಗಲೇ ಅಂಗಳದಲ್ಲಿದ್ದಳು. ವೀರಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೆಳಗಿಳಿದ.

"ಬಿಸಲ ಐತಿ, ಸೆರಗ ಹೊದ್ಕೊ. ನಡಿ."

ಕಬ್ಬಿನ ಮರೆ ದಾಟುವ ಮುಂಚೆಯೇ ತಗಡಿನ ಮೇಲೆ ಮೊದಲ ಕಲ್ಲು ಬಿದ್ದ ಸಪ್ಪಳ ಕೇಳಿತು. ಸಾವಂತ್ರೆವ್ವ ಮಗನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ವೀರಪ್ಪ ನಿಂತ. ಸುಂದರವ್ವನೂ ನಿಂತಳು. ಆಮೇಲೆ, ಯಾರು ಮೊದಲು ಅನ್ನುವುದು ತಿಳಿಯದ ಹಾಗೆ, ಇಬ್ಬರೂ ಓಡತೊಡಗಿದರು.