ಕುಗ್ಗಿದ ಒಳದಾರ

ನಮ್ಮೂರು ಬೊಯಿತುವಾದಲ್ಲಿ ವಿಮಾನದಿಂದ ಜಿಗಿಯುವ ನಮಗೆಲ್ಲ ಒಂದು ರೋಗ. ನೂರು ಸಲ ಜಿಗಿದ ಮೇಲೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ನಾನಂತೂ ಸಾವಿರದ ನಾನೂರು ಸಲ ಜಿಗಿದವನು!

ಆ ಶನಿವಾರ ಬೆಳಿಗ್ಗೆ ಪ್ಯಾರಾಚೂಟ್ ಮಡಚುತ್ತಿದ್ದೆ. ನಮ್ಮ ಪ್ಯಾರಾಚೂಟ್‌ಗಳನ್ನು ರಿಪೇರಿ ಮಾಡುವ ಝುಲೈಕಾ ಅಕ್ಕ ಬಂದು ನನ್ನ ಪುಟ್ಟ ಕೊಡೆಯನ್ನು ಎತ್ತಿಕೊಂಡರು. ಆಕಾಶದಲ್ಲಿ ಮೊದಲು ಎಸೆಯುವುದು ಅದನ್ನೇ. ಅದು ಗಾಳಿಗೆ ಉಬ್ಬಿ, ಬೆನ್ನಚೀಲದಿಂದ ದೊಡ್ಡ ಪ್ಯಾರಾಚೂಟನ್ನು ಎಳೆದು ತೆಗೆಯುತ್ತದೆ. ಅದರ ನಡುವೆ ಹಾದು ನೆತ್ತಿಗೆ ಕಟ್ಟಿದ್ದೇ ಒಳದಾರ.

"ಜುರಂದೀರ್, ಇದರ ಒಳದಾರ ಕುಗ್ಗಿದೆಯಲ್ಲೋ. ಪೂರ್ತಿ ಬಿಡಿಸಿದ್ರೂ ನೆತ್ತಿ ಒಳಕ್ಕೇ ಜಗ್ಗಿಕೊಂಡಿದೆ. ಅರ್ಧಂಬರ್ಧ ಉಬ್ಬತ್ತೆ ಅಷ್ಟೆ."

"ದಾರ ಏನು ಉಣ್ಣೆ ಸ್ವೆಟರಾ ಅಕ್ಕ, ಕುಗ್ಗೋಕೆ?"

"ಪ್ರತಿ ಜಿಗಿತಕ್ಕೂ ಉಜ್ಜಿ ಉಜ್ಜಿ ಬಿಸಿಯಾಗತ್ತೆ. ಬಿಸಿಗೆ ಕುಗ್ಗತ್ತೆ. ಕೊಡು, ಬದಲಾಯಿಸ್ತೀನಿ."

"ಕೊಡೆ ಪಟ್ಟಿಯ ಕಿಂಡೀಲಿ ನೀಲಿ ಗುರುತು ಕಾಣ್ತಿದೆ, ಕೊಡೆ ಸಿದ್ಧ ಅಂತ ತಾನೇ ಅರ್ಥ? ಸಾಕು ಬಿಡಿ. ನಿಮಗೆ ವಯಸ್ಸಾಯ್ತು, ಎಲ್ಲದಕ್ಕೂ ಹೆದರ್ತೀರಿ."

ಸುತ್ತ ಇದ್ದವರು ನಕ್ಕರು. ನನಗೂ ಖುಷಿಯಾಯಿತು.

ಮಧ್ಯಾಹ್ನ ಹೆಂಡತಿಯ ತಮ್ಮ ಎಡ್ಮಾರ್ ಬಂದ. "ಭಾವ, ನನ್ನ ಪ್ಯಾರಾಚೂಟ್ ಹೊಲಿಗೆಗೆ ಹೋಗಿದೆ. ನಿಮ್ಮದು ಕೊಡ್ತೀರಾ?"

"ತಗೊಳ್ಳೋ. ಒಂದು ದಿನಾನೂ ಕೈಕೊಟ್ಟಿಲ್ಲ."

ಅವನು ಜಿಗಿದಾಗ ನನ್ನ ಹೆಂಡತಿ ಇವೊನೆ ದುರ್ಬೀನು ಹಿಡಿದು ನೋಡುತ್ತಿದ್ದಳು. "ಎಸೆದ... ಅಯ್ಯೋ, ತೆರೀತಾ ಇಲ್ಲ! ತೆರೀತಾನೇ ಇಲ್ಲ ಕಣ್ರೀ!" ಅವಳ ಉಗುರು ನನ್ನ ತೋಳಿಗೆ ಇಳಿಯಿತು. ಕೊನೆಗೆ ಬಿಳಿಯ ತುರ್ತು ಪ್ಯಾರಾಚೂಟ್ ಬಿಚ್ಚಿಕೊಂಡಿತು. ಎಡ್ಮಾರ್ ಕಬ್ಬಿನ ಗದ್ದೆಯಲ್ಲಿ ಬಿದ್ದ.

ಅವನ ಕೆನ್ನೆ ತುಂಬ ಕಬ್ಬಿನ ಗರಿ ಗೀರಿದ ಗಾಯ. "ಪುಟ್ಟ ಕೊಡೆ ಬೆನ್ನ ಹಿಂದೆ ಬರೀ ಅಲ್ಲಾಡ್ತಿತ್ತು ಭಾವ. ದೊಡ್ಡದು ಬರ್ಲೇ ಇಲ್ಲ."

ಆಗ ನಾನು ಏನಂದೆ ಗೊತ್ತೇ? ಹೇಳಲು ನಾಲಗೆ ಹೊರಳುವುದಿಲ್ಲ. "ನೀನೇ ಸರಿಯಾಗಿ ಎಸೆದಿಲ್ಲ. ನಿನ್ನಂಥವನಿಗೆ ಕೊಟ್ಟಿದ್ದೇ ತಪ್ಪು," ಅಂದೆ. ಎಲ್ಲರ ಮುಂದೆ. ಸಾವಿನ ಬಾಯಿಂದ ಬಂದ ಹುಡುಗ ತಲೆತಗ್ಗಿಸಿ, "ಕ್ಷಮಿಸಿ ಭಾವ," ಅಂದ.

ತುರ್ತು ಪ್ಯಾರಾಚೂಟ್‌ನಿಂದ ಬದುಕಿದವರು ಅದನ್ನು ಮಡಚಿಟ್ಟವರಿಗೆ ಒಂದು ಬಾಟಲಿ ಕೊಡುವುದು ನಮ್ಮಲ್ಲಿ ರೂಢಿ. ಸಂಜೆ ಎಡ್ಮಾರ್ ಕಬ್ಬಿನ ಸಾರಾಯಿ ತಂದು ಝುಲೈಕಾ ಅಕ್ಕನ ಮುಂದೆ ಹಿಡಿದ. ಆ ಬಿಳಿ ಪ್ಯಾರಾಚೂಟನ್ನು ಮಡಚಿದ್ದು ಅವರೇ.

ಅಕ್ಕ ಕೈ ಚಾಚಲಿಲ್ಲ. "ಇದು ನೀನು ಕೊಡೋದಲ್ಲ ಮಗಾ, ಕೊಡಬೇಕಾದವನು ಬೇರೆ ಇದ್ದಾನೆ," ಅಂದರು.

ಇವೊನೆ ನನ್ನತ್ತ ತಿರುಗಿದಳು. "ಬೆಳಿಗ್ಗೆ ಅಕ್ಕ ಏನು ಹೇಳಿದ್ರು, ನೀವೇನಂದ್ರಿ, ನಾನು ಅಲ್ಲೇ ಇದ್ದೆ. ಈಗ ನನ್ನ ತಮ್ಮನ ಮುಖ ನೋಡಿ ಹೇಳಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ತಪ್ಪು ನಿಂದಲ್ಲ ಎಡ್ಮಾರ್. ದಾರ ಕುಗ್ಗಿದೆ ಅಂತ ಅಕ್ಕ ಹೇಳಿದ್ರು. ನಾನು ಕೇಳ್ಲಿಲ್ಲ. ಆಮೇಲೆ ನಿನ್ನ ಮೇಲೆ ಹಾಕ್ದೆ."

ಅವನು ಬಾಟಲಿಯನ್ನು ನನ್ನ ಕೈಯಲ್ಲಿಟ್ಟು ಹೊರಗೆ ನಡೆದ.

ಮರುದಿನವೇ ದಾರ ಬದಲಾಯಿಸಿದೆ. ನಮ್ಮ ಮನೆಯವರು ಯಾರೂ ಈಗ ಅಕ್ಕ ನೋಡದೆ ಜಿಗಿಯುವುದಿಲ್ಲ. ಎಡ್ಮಾರ್ ಭಾವ ಅನ್ನುತ್ತಾನೆ, ಊಟಕ್ಕೂ ಬರುತ್ತಾನೆ. ಆದರೆ ನಾನು ಮಡಚಿದ್ದನ್ನು ಬೆನ್ನಿಗೆ ಹಾಕಿಕೊಳ್ಳುವುದಿಲ್ಲ.

ಜಿಗಿಯುವ ಅಣ್ಣಂದಿರೇ, ಅಕ್ಕಂದಿರೇ, ಕಿಂಡಿಯ ಬಣ್ಣ ಒಂದನ್ನೇ ನಂಬಬೇಡಿ. ಪುಟ್ಟ ಕೊಡೆಯನ್ನು ಇವತ್ತೇ ಪೂರ್ತಿ ಬಿಡಿಸಿ ನೋಡಿ. ನೆತ್ತಿ ಒಳಕ್ಕೆ ಜಗ್ಗಿದ್ದರೆ ದಾರ ಬದಲಾಯಿಸಿ, ಅಲ್ಲಿಯವರೆಗೆ ನೆಲದ ಮೇಲೇ ಇರಿ. ನನ್ನ ಹಾಗೆ ಆಮೇಲೆ ತಲೆತಗ್ಗಿಸಬೇಡಿ.