ಹನ್ನೊಂದು ಕೋಟುಗಳ ಅಳತೆ, ತೆರೆಯದ ಆ್ಯಪ್

ಫೋನು ಹೇಳಿ ಕೇಳಿ ಕೈಕೊಡುವುದಿಲ್ಲ. ನಮ್ಮ ಬೀದಿಯ ಟೈಲರಮ್ಮನಿಗೆ ಅದು ಕೈಕೊಟ್ಟದ್ದು ಶುಕ್ರವಾರ ಬೆಳಿಗ್ಗೆ, ಅವಳು ಕತ್ತರಿ ಕೈಗೆತ್ತಿಕೊಂಡ ಹೊತ್ತಿಗೆ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ಆಸ್ಪತ್ರೆಯ ಹನ್ನೊಂದು ನರ್ಸುಗಳಿಗೆ ಕೋಟು ಹೊಲಿಯಬೇಕಿತ್ತು. ಸೋಮವಾರ ಹೊಸ ವಾರ್ಡು ತೆರೆಯುವುದರೊಳಗೆ ಅಷ್ಟೂ ಕೊಡಬೇಕು. ಇಷ್ಟು ದೊಡ್ಡ ಕೆಲಸ ಅವಳ ಕೈಗೆ ಬಂದದ್ದು ಇದೇ ಮೊದಲು. ಅದೂ ಫೋಟೋ ಹಂಚುವ ಆ್ಯಪಿನಲ್ಲಿ ಅವಳು ಹಾಕಿದ್ದ ಕಾಲರಿನ ಚಿತ್ರಗಳನ್ನು ನೋಡಿ, ಹಿರಿಯ ನರ್ಸ್ ತಾವೇ ಹುಡುಕಿಕೊಂಡು ಬಂದಿದ್ದರು.

ಅಳತೆಯೂ ಅದೇ ಆ್ಯಪಿನಲ್ಲಿತ್ತು. ಮೊದಲು ಅವಳ ಹತ್ತಿರ ಒಂದು ಅಳತೆ ಪುಸ್ತಕ ಇತ್ತು. ಅದರ ಮೇಲೆ ಮಷಿನ್ ಎಣ್ಣೆ ಚೆಲ್ಲಿ ಹಾಳಾದ ಮೇಲೆ ಅವಳು ಸುಲಭದ ದಾರಿಯೊಂದನ್ನು ಕಂಡುಕೊಂಡಿದ್ದಳು. ಗಿರಾಕಿಯ ಹಳೇ ಬಟ್ಟೆಯನ್ನು ಮೇಜಿನ ಮೇಲೆ ಹರವಿ, ಆ್ಯಪಿನಲ್ಲೇ ಫೋಟೋ ತೆಗೆದು, ಭುಜ, ಎದೆ, ತೋಳು ಎಂದು ಚಿತ್ರದ ಮೇಲೇ ಅಂಕಿ ಬರೆಯುವುದು. ಯಾರಿಗೂ ಕಳಿಸದೆ ಡ್ರಾಫ್ಟ್ ಅಂತ ಅರ್ಧಕ್ಕೇ ಉಳಿಸಿಡುವುದು. ಹನ್ನೊಂದು ಹಳೇ ಕೋಟುಗಳನ್ನು ಹೀಗೇ ಅಳೆದು, ಡ್ಯೂಟಿಗೆ ಬೇಕೆಂದು ಆಗಲೇ ವಾಪಸು ಕೊಟ್ಟುಬಿಟ್ಟಿದ್ದಳು.

ಈಗ ಆ್ಯಪ್ ಒತ್ತಿದರೆ ಒಂದು ಕ್ಷಣ ಬೆಳಗಿ ಮುಚ್ಚಿಕೊಳ್ಳುತ್ತಿತ್ತು. ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ. ಕತ್ತರಿ ಇಟ್ಟಳು, ಎದ್ದಳು, ಬಾಗಿಲಿಗೆ ಹೋದಳು, ಬಂದಳು, ಒತ್ತಿದಳು.

"ಹಾಗೆ ಕುಟ್ಟಿದರೆ ಅದೇನು ಬಾಗಿಲಾ ತೆಗೆಯೋಕೆ?" ಎಂದ ಗಂಡ. ಅವನು ಬಸ್ ಡ್ರೈವರು. ಹತ್ತು ಗಂಟೆಗೆ ಡ್ಯೂಟಿ ಇದ್ದುದರಿಂದ ಶೂ ಹಾಕಿಕೊಳ್ಳುತ್ತಿದ್ದ. "ಒಂದು ಸಲ ಆಫ್ ಮಾಡಿ ಆನ್ ಮಾಡು. ಗಾಡಿಗೂ ಅದೇ ಮದ್ದು."

"ನಿಮಗೆ ಎಲ್ಲಾ ಬಸ್ಸೇ. ಆಫ್ ಮಾಡಿ ಒಳಗಿರೋದೂ ಹೋದ್ರೆ?"

"ಹಾಗಾದ್ರೆ ಕಂಪನಿಯವರನ್ನೇ ಕೇಳೋಣ ತಾಳು."

ಅವನು ತನ್ನ ಫೋನಿನಲ್ಲಿ ಆ್ಯಪಿನ ಸಹಾಯವಾಣಿ ಎಂದು ಹುಡುಕಿದ. ಮೊದಲ ಸಾಲಿನಲ್ಲೇ ಒಂದು ನಂಬರು ಸಿಕ್ಕಿತು. ಅದೇ ಹೊತ್ತಿಗೆ ಟೈಲರಮ್ಮನ ಫೋನು ಬಡಿದುಕೊಂಡಿತು. ಹಿರಿಯ ನರ್ಸ್.

"ಕಟಿಂಗ್ ಆಯ್ತಾ ಅಮ್ಮ?"

"ಆಗ್ತಾ ಇದೆ ಸಿಸ್ಟರ್," ಎಂದಳು ಟೈಲರಮ್ಮ. ಕತ್ತರಿ ಬಟ್ಟೆಯನ್ನು ಇನ್ನೂ ಮುಟ್ಟಿರಲಿಲ್ಲ. ಫೋನಿಟ್ಟು ಗಂಡನ ಕಡೆ ಕೈ ಚಾಚಿದಳು.

ಗಂಡ ತನ್ನ ಫೋನಿನಿಂದ ಹಚ್ಚಿಕೊಟ್ಟ ನಂಬರಿನಲ್ಲಿ ಒಬ್ಬ ಗಂಡಸು ಬೆಣ್ಣೆಯಂತೆ ಮಾತಾಡಿದ. "ಗಾಬರಿ ಬೇಡ ಮೇಡಂ. ನಿಮ್ಮ ಖಾತೆ ಲಾಕ್ ಆಗಿದೆ ಅಷ್ಟೆ. ಆ್ಯಪಿಗೆ ಕೊಟ್ಟಿರೋ ನಿಮ್ಮ ನಂಬರ್ ಹೇಳಿ. ಹಾಂ, ಈಗ ಅದಕ್ಕೆ ಆರು ಅಂಕಿ ಬಂದಿರುತ್ತೆ ನೋಡಿ. ಓದಿ, ಎರಡು ನಿಮಿಷದಲ್ಲಿ ಸರಿ ಮಾಡ್ತೀನಿ."

ಅವಳ ಫೋನಿಗೆ ಅಂಕಿ ಬಂದೇ ಬಂತು. ಬಂದದ್ದರಿಂದಲೇ ಅವಳಿಗೆ ನಂಬಿಕೆಯೂ ಬಂತು. "ಏಳು... ಎರಡು... ಎರಡು... ಒಂಬತ್ತು..."

"ಅತ್ತಿಗೆ, ಸಾಕು ನಿಲ್ಲಿಸಿ."

ನಾದಿನಿ ಒಳಗೆ ಬಂದಿದ್ದಳು. ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಕೆಲಸ. ದಿನಕ್ಕೆ ಮೂವತ್ತು ಜನ ಅವಳ ಮುಂದೆ ಫೋನು ಹಿಡಿದು ನಿಲ್ಲುತ್ತಾರೆ. ಅತ್ತಿಗೆಯ ಕೈಯಿಂದ ಅಣ್ಣನ ಫೋನು ಕಿತ್ತುಕೊಂಡು ಕರೆ ಕತ್ತರಿಸಿದಳು.

"ಏನೇ ಇದು? ಪಾಪ, ಆತ ಸರಿ ಮಾಡ್ತಿದ್ದ," ಎಂದ ಗಂಡ.

"ಆತ ಯಾರಣ್ಣ?"

"ಕಂಪನಿಯವನು. ಮೊದಲನೇ ಸಾಲಲ್ಲೇ ಇತ್ತು ನಂಬರು."

"ಬಸ್ಸಿನ ಮೊದಲನೇ ಸೀಟಲ್ಲಿ ಕೂತವನೆಲ್ಲ ಡ್ರೈವರಾ? ಆ ಅಂಕಿ ನಿಮ್ಮ ಪುಟದ ಬೀಗದ ಕೈ ಅತ್ತಿಗೆ. ಅವನ ಕೈಗೆ ಸಿಕ್ಕಿದ್ರೆ ನಿಮ್ಮನ್ನ ಹೊರಗೆ ಹಾಕಿ ಒಳಗಿಂದ ಚಿಲಕ ಹಾಕ್ಕೋತಿದ್ದ. ಆಮೇಲೆ ನಿಮ್ಮ ಹೆಸರಲ್ಲೇ ನಿಮ್ಮ ಗಿರಾಕಿಗಳಿಗೆಲ್ಲ ಏನೇನೋ ಬರೀತಿದ್ದ. ಎಷ್ಟು ಅಂಕಿ ಹೇಳಿದ್ರಿ?"

"ನಾಲ್ಕು."

"ಎರಡು ಉಳಿಸಿಕೊಂಡ್ರಲ್ಲ, ಸದ್ಯ."

ಟೈಲರಮ್ಮ ಸ್ಟೂಲಿನ ಮೇಲೆ ಕೂತಳು. ಆದರೂ ಮನಸ್ಸು ಅಳತೆಯ ಹಿಂದೆಯೇ ಓಡುತ್ತಿತ್ತು. "ಅದು ಹಾಳಾಗಲಿ. ಆ್ಯಪನ್ನೇ ತೆಗೆದುಹಾಕಿ ಹೊಸದಾಗಿ ಹಾಕಿಬಿಡು. ನಿಮ್ಮ ಅಂಗಡಿಯಲ್ಲಿ ಎಲ್ಲರಿಗೂ ಹಾಗೇ ಮಾಡ್ತೀಯಂತಲ್ಲ."

"ಎಲ್ಲರೂ ಅದರೊಳಗೆ ಅಳತೆ ಇಟ್ಟಿರಲ್ಲ. ಡ್ರಾಫ್ಟ್ ಇರೋದು ನಿಮ್ಮ ಫೋನಲ್ಲಿ ಮಾತ್ರ. ಆ್ಯಪ್ ತೆಗೆದ್ರೆ ಅದರ ಜೊತೆ ಹನ್ನೊಂದು ಕೋಟೂ ಹೋಗುತ್ತೆ. ಸೆಟ್ಟಿಂಗಿನಲ್ಲಿ 'ಡೇಟಾ ಅಳಿಸಿ' ಅಂತ ಇರುತ್ತಲ್ಲ, ಅದನ್ನೂ ಮುಟ್ಟಬೇಡಿ."

"ನೀನು ಜೆರಾಕ್ಸ್ ತೆಗೆಯೋಳು. ಇದೆಲ್ಲ ನಿನಗೆ ಖಂಡಿತ ಗೊತ್ತಾ?" ಟೈಲರಮ್ಮನ ದನಿ ಚುರುಕಾಗಿತ್ತು. "ಇವತ್ತು ಕತ್ತರಿಸದಿದ್ರೆ ಸೋಮವಾರಕ್ಕೆ ಆಗಲ್ಲ. ಆಗದಿದ್ರೆ ಅವರು ದೊಡ್ಡ ಅಂಗಡಿಗೆ ಹೋಗ್ತಾರೆ. ಮತ್ತೆ ಈ ಕಡೆ ತಿರುಗಿಯೂ ನೋಡಲ್ಲ."

"ಗೊತ್ತಿಲ್ಲದ್ದನ್ನ ಮುಟ್ಟಲ್ಲ ಅತ್ತಿಗೆ. ಅಷ್ಟು ಗೊತ್ತು."

ನಾದಿನಿ ಮೊದಲು ಟೈಲರಮ್ಮನ ಫೋನಿನಲ್ಲಿ ಸುದ್ದಿಯ ಪುಟವೊಂದನ್ನು ತೆರೆದಳು. ತೆರೆಯಿತು. ನೆಟ್ ಇದೆ. ತನ್ನ ಫೋನಿನಲ್ಲಿ ಅದೇ ಫೋಟೋ ಆ್ಯಪ್ ತೆರೆದಳು. ಅತ್ತಿಗೆಯ ಕಾಲರಿನ ಚಿತ್ರಗಳೆಲ್ಲ ಕಂಡವು. "ಆ್ಯಪಿನವರ ಕಡೆ ತೊಂದರೆ ಇಲ್ಲ, ನಿಮ್ಮ ಖಾತೆಯೂ ಲಾಕ್ ಆಗಿಲ್ಲ. ಆತ ಹೇಳಿದ್ದು ಶುದ್ಧ ಸುಳ್ಳು. ತೊಂದರೆ ಈ ಫೋನಿನ ಹೊಟ್ಟೆಯಲ್ಲೇ ಇದೆ."

ಸೆಟ್ಟಿಂಗಿಗೆ ಹೋಗಿ ಜಾಗ ಎಷ್ಟಿದೆ ಎಂದು ನೋಡಿದಳು. ಕೊನೆಯ ಗೆರೆಯವರೆಗೂ ತುಂಬಿತ್ತು. ಫೋನಿಗೆ ಉಸಿರಾಡಲು ಜಾಗವಿಲ್ಲದಿದ್ದರೆ ಆ್ಯಪ್ ಹೀಗೆ ತೆರೆದು ಮುಚ್ಚಿಕೊಳ್ಳುವುದುಂಟು. ತುಂಬಿದ್ದು ಏನು ಎಂದು ನೋಡಿದರೆ ನಾನೂರು ಚಿಲ್ಲರೆ ವಿಡಿಯೋಗಳು. ಎಲ್ಲವೂ ಮನೆಯವರ ಮೆಸೇಜ್ ಗುಂಪಿನಿಂದ ತಾವಾಗಿಯೇ ಇಳಿದು ಕೂತಿದ್ದವು.

"ಬೆಟ್ಟದ ರಸ್ತೆಯಲ್ಲಿ ಬಸ್ ತಿರುಗಿಸೋದು. ಮಣ್ಣಲ್ಲಿ ಬಸ್ ಹೂತಿದ್ದು. ಬಸ್ಸನ್ನ ಹಡಗಿಗೆ ಹತ್ತಿಸೋದು," ನಾದಿನಿ ಒಂದೊಂದಾಗಿ ಓದಿದಳು. "ಯಾರು ಕಳಿಸಿದ್ದು ಅಂತ ಹೇಳಲಾ ಅಣ್ಣ?"

"ಹಡಗಿಂದು ಇರಲಿ. ಅಪರೂಪದ್ದು."

ಟೈಲರಮ್ಮ ಗಂಡನನ್ನು ನೋಡಿದ ನೋಟಕ್ಕೆ ಅವನು ಶೂ ಲೇಸಿನ ಕಡೆ ಬಗ್ಗಿದ. ಹಡಗಿನದೂ ಹೋಯಿತು. ವಿಡಿಯೋ ತಾನಾಗಿ ಇಳಿಯದಂತೆ ನಾದಿನಿ ಗುಂಪಿನ ಸೆಟ್ಟಿಂಗ್ ಬದಲಿಸಿದಳು. ಅಳಿಸಿದವು ಕಸದ ಬುಟ್ಟಿಯಲ್ಲೇ ಕೂತಿರುತ್ತವೆ ಎಂದು ಅದನ್ನೂ ಖಾಲಿ ಮಾಡಿದಳು.

ಆ್ಯಪ್ ಒತ್ತಿದರು. ಬೆಳಗಿತು. ಮುಚ್ಚಿಕೊಂಡಿತು.

ಟೈಲರಮ್ಮ ಮತ್ತೆ ಎದ್ದು ಓಡಾಡತೊಡಗಿದಳು. ಮಷಿನಿನ ಚಕ್ರವನ್ನು ಸುಮ್ಮನೆ ತಿರುಗಿಸಿದಳು, ನಿಲ್ಲಿಸಿದಳು. ಅಂದಾಜಿನ ಮೇಲೆ ಕತ್ತರಿಸಿಬಿಡಲೇ ಎಂದು ಬಟ್ಟೆಯ ಅಂಚು ಹಿಡಿದು, ಮತ್ತೆ ಬಿಟ್ಟಳು.

"ಈಗ ಫೋನ್ ಆಫ್ ಮಾಡಿ ಆನ್ ಮಾಡೋಣ," ಎಂದಳು ನಾದಿನಿ. "ಅದರಿಂದ ಒಳಗಿರೋದೇನೂ ಹೋಗಲ್ಲ."

"ನಾನು ಆಗಲೇ ಹೇಳಲಿಲ್ವಾ?" ಎಂದ ಗಂಡ.

"ಹೇಳಿರಬಹುದು ಅಣ್ಣ. ಆದ್ರೆ ಜಾಗ ಖಾಲಿ ಮಾಡದೆ ಸಾವಿರ ಸಲ ಆಫ್ ಮಾಡಿದ್ರೂ ಇದೇ ಗತಿ ಆಗ್ತಿತ್ತು."

ಫೋನು ಮತ್ತೆ ಎದ್ದು ಕೂರುವುದಕ್ಕೆ ಒಂದು ನಿಮಿಷ ಹಿಡಿಯಿತು. ಆಮೇಲೆ ಆ್ಯಪ್ ತೆರೆಯಿತು, ತೆರೆದೇ ಇತ್ತು. ಟೈಲರಮ್ಮ ಡ್ರಾಫ್ಟುಗಳನ್ನು ಬೆರಳಿಟ್ಟು ಎಣಿಸಿದಳು. ಒಂಬತ್ತು. ಇನ್ನೊಮ್ಮೆ ಎಣಿಸಿದಳು. ಒಂಬತ್ತೇ.

"ಕೊನೆಯ ಎರಡು ತೆಗೆಯುವಷ್ಟರಲ್ಲಿ ಜಾಗ ಮುಗಿದಿತ್ತು ಅನಿಸುತ್ತೆ. ಅವು ಸೇವ್ ಆಗೇ ಇಲ್ಲ," ಎಂದಳು ನಾದಿನಿ ಮೆಲ್ಲಗೆ. "ಅದನ್ನ ಯಾರೂ ವಾಪಸು ತರೋಕಾಗಲ್ಲ ಅತ್ತಿಗೆ. ಇರೋದನ್ನ ಮೊದಲು ಕಾಪಾಡೋಣ."

ಒಂಬತ್ತು ಚಿತ್ರಗಳಿಗೂ ಸ್ಕ್ರೀನ್‌ಶಾಟ್ ತೆಗೆದು ಗಂಡನ ಫೋನಿಗೂ ಕಳಿಸಿದರು. ಗಂಡ ಡ್ಯೂಟಿಗೆ ಓಡುವ ಮುನ್ನ ಅಳತೆ ಬರೆದಿಡಲು ಪಕ್ಕದ ಅಂಗಡಿಯಿಂದ ಒಂದು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟ. ನಾದಿನಿ ಪಾಸ್‌ವರ್ಡ್ ಬದಲಿಸಿದಳು, ಪಾಸ್‌ವರ್ಡ್ ಆದ ಮೇಲೆ ಅಂಕಿಯನ್ನೂ ಕೇಳುವ ಎರಡು ಹಂತದ ಬೀಗ ಹಾಕಿದಳು. ಆ್ಯಪಿಗೆ ಬಂದಿದ್ದ ಅಪ್‌ಡೇಟನ್ನೂ, ಅಳತೆ ಭದ್ರವಾದ ಮೇಲೆ, ಹಾಕಿದಳು. "ಸಹಾಯ ಬೇಕಾದ್ರೆ ಆ್ಯಪಿನ ಒಳಗೇ ಸಹಾಯ ಅಂತ ಜಾಗ ಇದೆ, ಇಲ್ಲಿ ನೋಡಿ. ಹೊರಗಿನ ನಂಬರು ಬೇಡ."

ಉಳಿದದ್ದು ಆ ಎರಡು ಕೋಟು. ಟೈಲರಮ್ಮನಿಗೆ ಫೋನು ಹಚ್ಚಲು ನಾಚಿಕೆ. ಅಂದಾಜಿನ ಮೇಲೆ ಹೊಲಿದರೆ ನಡೆದೀತು ಎಂದು ಒಳಗೊಳಗೇ ಒಂದು ದನಿ ಹೇಳುತ್ತಿತ್ತು. ಆದರೂ ಹಿರಿಯ ನರ್ಸ್‌ಗೆ ಹಚ್ಚಿದಳು.

"ಸಿಸ್ಟರ್, ತಪ್ಪು ನನ್ನದೇ. ನಿಮ್ಮದೂ ಇನ್ನೊಬ್ಬ ಸಿಸ್ಟರದೂ ಅಳತೆ ಕಳೆದುಕೊಂಡಿದ್ದೀನಿ. ಮಧ್ಯಾಹ್ನ ಆಸ್ಪತ್ರೆ ಬಾಗಿಲಿಗೇ ಟೇಪ್ ತರ್ತೀನಿ, ಐದು ನಿಮಿಷ ಇಬ್ಬರೂ ಬರ್ತೀರಾ?"

ಆ ಕಡೆಯಿಂದ ನಗು ಕೇಳಿಸಿತು. "ಬನ್ನಿ ಅಮ್ಮ. ಆ ಹಳೇ ಕೋಟು ನನಗೆ ಯಾವತ್ತೋ ಬಿಗಿಯಾಗಿದೆ, ಹೇಳೋಕೆ ಸಂಕೋಚ ಆಗಿತ್ತು. ಈ ಸಲ ನನ್ನನ್ನೇ ಅಳೀರಿ."

ಟೈಲರಮ್ಮ ಫೋನಿಟ್ಟಳು. ಮೊದಲ ಚಿತ್ರದ ಭುಜದ ಅಂಕಿ ನೋಡಿ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು, ಕತ್ತರಿ ಆಡಿಸಿದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಆ್ಯಪೂ ಒಂದು ದಿನ ಹೀಗೇ ಮುನಿಸಿಕೊಳ್ಳುತ್ತದೆ. ಆಗ ಅದನ್ನು ತೆಗೆದುಹಾಕುವ ಅವಸರ ಬೇಡ. ನೆಟ್ ಇದೆಯೇ, ಬೇರೆಯವರ ಫೋನಿನಲ್ಲಿ ತೆರೆಯುತ್ತದೆಯೇ, ನಿಮ್ಮ ಫೋನಿನಲ್ಲಿ ಜಾಗವಿದೆಯೇ ನೋಡಿ. ಬೇಡದ ವಿಡಿಯೋ ಅಳಿಸಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ನಿಮಗೆ ಬಂದ ಅಂಕಿಯನ್ನು ಎಷ್ಟೇ ಸವಿಯಾಗಿ ಕೇಳಿದರೂ ಯಾರಿಗೂ ಓದಿ ಹೇಳಬೇಡಿ. ಇನ್ನೊಂದು ಮಾತು. ನಿಮ್ಮ ದುಡಿಮೆಗೆ ಬೇಕಾದ ಯಾವ ಚಿತ್ರ ಆ ಒಂದು ಆ್ಯಪಿನಲ್ಲಿ ಮಾತ್ರ ಇದೆ? ಫೋನು ಸರಿಯಾಗಿರುವ ಈಗಲೇ ಅದನ್ನು ಇನ್ನೊಂದು ಕಡೆ ಇಟ್ಟುಬಿಡಿ.