ನೂರಾ ಮೂರನೇ ಕಟ್ಟಡದ ಇಳಿಜಾರು

ಗುರುವಾರ ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನೂರಾ ಮೂರನೇ ಕಟ್ಟಡದ ಓಕ್ ಅಜ್ಜಿ ಇಳಿಜಾರಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಧ್ಯಾಹ್ನದೊಳಗೆ ತಪ್ಪು ಯಾರದೆಂದು ತೀರ್ಮಾನವೂ ಆಗಿಹೋಗಿತ್ತು. ಕಾವಲುಗಾರ ಚು ಮಾನ್‌ಬೊಕ್ ಉಪ್ಪು ಎರಚಿಲ್ಲ. ಮೂರು ತಿಂಗಳಿಗೊಮ್ಮೆ ನವೀಕರಿಸುವ ಅವನ ಕರಾರು ತಿಂಗಳ ಕೊನೆಗೆ ಮುಗಿಯಲಿತ್ತು. ಈ ಸಲ ನವೀಕರಿಸಬೇಡಿ ಎಂದು ನಿವಾಸಿಗಳ ಪ್ರತಿನಿಧಿ ಮಂಡಳಿಯ ನಿರ್ಣಯದ ಕರಡಿನಲ್ಲಿ ಬರೆದದ್ದೂ ಆಯಿತು.

ಮಾನ್‌ಬೊಕ್ ಉಪ್ಪು ಎರಚಿದ್ದ. ಐದು ಗಂಟೆ ಹತ್ತು ನಿಮಿಷಕ್ಕೆ ಎರಚಿದ್ದನ್ನು, ಪಾಳಿಗೆ ಬರುತ್ತಿದ್ದ ಬಾಂಗ್ ದೊಕ್‌ಸು ಕಣ್ಣಾರೆ ನೋಡಿದ್ದ.

ಸೊಲ್‌ಬಾತ್ ವಸತಿ ಸಮುಚ್ಚಯದ ನೆಲಮಾಳಿಗೆಯ ಸ್ಥಾವರವನ್ನು ದೊಕ್‌ಸು ನೋಡಿಕೊಳ್ಳಲು ತೊಡಗಿ ಹನ್ನೊಂದು ಚಳಿಗಾಲ ಕಳೆದಿತ್ತು. ಅಲ್ಲಿ ಅನಿಲದಿಂದ ಓಡುವ ಎರಡು ಎಂಜಿನ್‌ಗಳಿದ್ದವು. ಅವು ವಿದ್ಯುತ್ ಕೊಡುತ್ತಿದ್ದವು, ಓಡುವಾಗ ಹುಟ್ಟುವ ಕಾವಿನಿಂದ ಐನೂರ ನಲವತ್ತು ಮನೆಗಳ ನೆಲ ಬೆಚ್ಚಗಾಗುತ್ತಿತ್ತು. ಕಿಟಕಿಯಿಲ್ಲದ ಕೋಣೆ. ಹೊರಗಿನ ಹವೆ ಅವನಿಗೆ ಗೊತ್ತಾಗುತ್ತಿದ್ದದ್ದು ಗೋಡೆಯ ಮೇಲಿನ ಅಂಕಿಯಿಂದ. ಬೆಟ್ಟಗಳ ನಡುವಿನ ಬಟ್ಟಲಿನಂಥ, ಕೊರಿಯಾದ ಜೇಚೊನ್ ಊರಿನಲ್ಲಿ ಜನವರಿಯ ಬೆಳಗಿನ ಅಂಕಿ ಹೆಚ್ಚಾಗಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುತ್ತದೆ, ಆ ಹೊತ್ತಿನಲ್ಲಿ ಗಾಳಿ ಅಲುಗಾಡುವುದಿಲ್ಲ.

ಮೂರು ವರ್ಷದ ಕೆಳಗೆ ಅವನೇ ಒಂದು ಸಲಹೆ ಕೊಟ್ಟಿದ್ದ. ಎಂಜಿನ್‌ನ ಹೊಗೆ ನೂರಿಪ್ಪತ್ತು ಡಿಗ್ರಿಯಲ್ಲಿ ಆಕಾಶಕ್ಕೆ ಹೋಗಿ ಹಾಳಾಗುತ್ತದೆ, ಕೊಳವೆಗೆ ಇನ್ನೊಂದು ಯಂತ್ರ ಸೇರಿಸಿದರೆ ಅದರ ಕೊನೆಯ ಕಾವನ್ನೂ ಹಿಂಡಿಕೊಳ್ಳಬಹುದು ಎಂದು. ಹಿಂಡಿದರು. ಪ್ರತಿ ಮನೆಯ ಬಿಲ್ಲು ಇಳಿಯಿತು. ಮಂಡಳಿ ಅವನಿಗೆ ಗಾಜಿನ ಫಲಕ ಕೊಟ್ಟು ಫೋಟೋ ತೆಗೆಸಿತು. ಹೊಗೆ ಈಗ ನಲವತ್ತೈದು ಡಿಗ್ರಿಯಲ್ಲಿ ಹೊರಬರುತ್ತಿತ್ತು.

ನಲವತ್ತೈದು ಡಿಗ್ರಿಯ ಹೊಗೆಗೆ ಮೇಲೇರುವ ಕಸುವಿರುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಒಂದು ಘನಮೀಟರ್ ಅನಿಲ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಬರುತ್ತದೆ. ಎತ್ತರದ ಚಿಮಣಿಯಿಂದ ಬೆಟ್ಟದ ನೋಟ ಕೆಡುತ್ತದೆಂದು ನಿವಾಸಿಗಳು ಹಟ ಹಿಡಿದಿದ್ದರಿಂದ ಚಿಮಣಿ ಒಂಬತ್ತೇ ಮೀಟರ್ ಇತ್ತು. ಗಾಳಿಯಿಲ್ಲದ ಬೆಳಗುಗಳಲ್ಲಿ ಆ ಬಿಳಿ ಆವಿ ಚಿಮಣಿಯ ಬಾಯಿಂದ ಹೊರಟು, ದಣಿದವನಂತೆ ಬಾಗಿ, ನೂರಾ ಮೂರನೇ ಕಟ್ಟಡದಿಂದ ಬಸ್ ನಿಲ್ದಾಣಕ್ಕೆ ಹೋಗುವ ಇಳಿಜಾರಿನ ಮೇಲೆ ಮಲಗುತ್ತಿತ್ತು. ಎರಚಿದ ಉಪ್ಪು ಅದರಲ್ಲಿ ನೆನೆದು ತೊಳೆದುಹೋಗಿ, ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆ ಕಟ್ಟುತ್ತಿತ್ತು.

ಇದು ಅವನ ಊಹೆಯಾಗಿತ್ತು. ಊಹೆಯನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ. ಮುಂದಿನ ಮಂಗಳವಾರ ಬೆಳಗ್ಗೆ ಹೊಗೆ ಆ ಹೊಸ ಯಂತ್ರದೊಳಗೆ ಹೋಗದೆ ಸುತ್ತಿಹೋಗುವ ಪಕ್ಕದ ದಾರಿಯ ಬಾಗಿಲು ತೆರೆದ. ಹೊಗೆ ನೆಟ್ಟಗೆ ಮೇಲೇರಿತು. ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ, ಇಳಿಜಾರು ಒಣಗಿತ್ತು. ಬುಧವಾರ ಬಾಗಿಲು ಮುಚ್ಚಿದ. ಅಷ್ಟೇ ಚಳಿ. ಉಪ್ಪು ಹಾಕಿ ನಲವತ್ತು ನಿಮಿಷಕ್ಕೆ ಇಳಿಜಾರು ಗಾಜಿನಂತಾಯಿತು. ಎರಡೂ ದಿನದ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡ.

ಅಂದು ಸಂಜೆ ಏಳಕ್ಕೆ ಸಭೆ. ಏಳು ಕಟ್ಟಡಗಳ ಏಳು ಪ್ರತಿನಿಧಿಗಳು ಬೆಚ್ಚಗಿನ ನೆಲದ ಮೇಲೆ ಕಾಲು ಮಡಿಸಿ ಕುಳಿತಿದ್ದರು. ಬಾಗಿಲ ಬಳಿ ಮಾನ್‌ಬೊಕ್ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡಿದ್ದ.

"ಐದಕ್ಕೆ ಹಾಕಿದ್ರೆ ಏನ್ ಬಂತು ಚು ಅವರೇ?" ಎಂದರು ಅಧ್ಯಕ್ಷೆ ಯೊಮ್ ಮಿರಾನ್. ಔಷಧ ಅಂಗಡಿ ನಡೆಸುವ ಹೆಂಗಸು. ದನಿ ಏರಿಸದೆ ಮಾತಾಡುವುದು ಅಭ್ಯಾಸ. "ಜನ ಓಡಾಡೋದು ಆರೂವರೆಗೆ."

"ಗುರುವಾರ ಕಸ ಬೇರ್ಪಡಿಸೋ ದಿನ ಅಮ್ಮಾ. ಆರಕ್ಕೆ ಬಾಟ್ಲಿ, ಡಬ್ಬ ಅಂತ ನಾನು ಅಲ್ಲಿರ್ಬೇಕು. ಆಚೆ ಈಚೆ ಎರಡು ಕಡೆ ಇರೋಕೆ ನನಗೇನು ಅವಳಿ ತಮ್ಮ ಇದಾನಾ?"

ಯಾರೋ ನಕ್ಕು, ತಕ್ಷಣ ಕೆಮ್ಮಿದರು.

ದೊಕ್‌ಸು ಎದ್ದು ನಿಂತ. "ಅಧ್ಯಕ್ಷರೇ, ಅವರು ಆರಕ್ಕೆ ಹಾಕಿದ್ರೂ ಅಜ್ಜಿ ಜಾರ್ತಿದ್ರು. ಆ ಮಂಜು ಆಕಾಶದಿಂದ ಬಂದದ್ದಲ್ಲ. ನಮ್ಮ ಚಿಮಣಿಯಿಂದ ಬಂದದ್ದು. ಆ ಯಂತ್ರ ಹಾಕಿಸಿದ್ದು ನಾನು."

ಹಾಳೆಯನ್ನು ಓದಿದ. ಗಂಟೆ, ಡಿಗ್ರಿ, ಹೊಗೆ ಎತ್ತ ಹೋಯಿತು, ಎಷ್ಟು ಹೊತ್ತಿಗೆ ನೆಲದ ಮೇಲೆ ಮಂಜುಗಡ್ಡೆ ಕಟ್ಟಿತು. ಎಲ್ಲರೂ ಕೇಳಿಸಿಕೊಂಡರು. ಅರ್ಥವಾಯಿತು ಎಂಬುದೂ ಮುಖದಲ್ಲಿ ಕಂಡಿತು. ಅವನಿಗೆ ಎದೆಯ ಭಾರ ಇಳಿದಂತಾಯಿತು.

"ಸರಿ, ಆ ಬಾಗಿಲು ಚಳಿಗಾಲವೆಲ್ಲ ತೆರೆದೇ ಇಟ್ರೆ ಮನೆಮನೆಗೆ ಬಿಲ್ಲು ಎಷ್ಟು ಏರತ್ತೆ?" ಎಂದು ಕೇಳಿದರು ಯೊಮ್.

"ತಿಂಗಳಿಗೆ ಹನ್ನೊಂದು ಸಾವಿರ ವಾನ್. ಸುಮಾರಾಗಿ."

"ಹನ್ನೊಂದು ಸಾವಿರಾನಾ?" ನೂರಾ ಐದನೇ ಕಟ್ಟಡದ ಪ್ರತಿನಿಧಿ ಹೌಹಾರಿದ. "ನಮ್ಮ ಕಟ್ಟಡಕ್ಕೆ ಆ ಮಂಜು ಬರೋದೇ ಇಲ್ವಲ್ಲ! ನಾವ್ಯಾಕ್ರೀ ಕೊಡ್ಬೇಕು?"

"ಬೆಳಗ್ಗೆ ಎರಡು ಗಂಟೆ ಹೊತ್ತು ಮಾತ್ರ ತೆರೆದ್ರೂ ಆಗತ್ತೆ. ಆಗ ಸಾವಿರವೂ ಆಗಲ್ಲ," ಎಂದ ದೊಕ್‌ಸು.

"ಬೆಳಗ್ಗೆ ಐದರಿಂದ ಏಳು, ಎಲ್ಲರೂ ಸ್ನಾನ ಮಾಡೋ ಹೊತ್ತು. ಬಿಸಿನೀರು ಕಮ್ಮಿಯಾದ್ರೆ ಫೋನು ಬರೋದು ನನಗೆ, ನಿಮಗಲ್ಲ." ಯೊಮ್ ಕನ್ನಡಕ ತೆಗೆದು ಒರೆಸಿದರು. "ಇನ್ನೊಂದು ಮಾತು. ಯಂತ್ರದಿಂದ ಆಯ್ತು ಅಂತ ಬರೆದ್ರೆ ಓಕ್ ಅಜ್ಜಿಯ ಮಗ ಮಂಡಳಿ ಮೇಲೆ ದಾವೆ ಹೂಡ್ತಾನೆ. ಚು ಅವರಿಂದ ಆಯ್ತು ಅಂತ ಬರೆದ್ರೆ ಚು ಅವರು ಹೋಗ್ಬೇಕು. ನೀವು ಬಂದದ್ದು ಅವರನ್ನ ಉಳಿಸೋಕೆ ತಾನೇ?"

"ಹೌದು."

"ಹಾಗಾದ್ರೆ ಉಳಿಸೋಣ." ಕರಡಿನ ಒಂದು ಸಾಲು ಹೊಡೆದುಹಾಕಿ, ಮೇಲೆ ಸಣ್ಣಗೆ ಬರೆದು, ಅವನತ್ತ ತಿರುಗಿಸಿದರು.

'ಕಾರಣ: ಸಮುಚ್ಚಯದ ಸ್ಥಳೀಯ ಹವಾಮಾನ.'

"ಇದು ಸುಳ್ಳಲ್ಲ, ಅಲ್ವಾ?" ಎಂದರು ಯೊಮ್.

ಸುಳ್ಳಾಗಿರಲಿಲ್ಲ. ಅವನ ಹಾಳೆಯಲ್ಲಿದ್ದದ್ದು ಅದೇ, ಯಾರು ಮಾಡಿದ್ದು ಎಂಬುದೊಂದನ್ನು ಬಿಟ್ಟು. ಕೆಳಗೆ ಅವರು ಇನ್ನೆರಡು ಸಾಲು ಸೇರಿಸಿದ್ದರು. ಮಂಡಳಿಯ ನಿರ್ಣಯವಿಲ್ಲದೆ ಪಕ್ಕದ ದಾರಿಯನ್ನು ತೆರೆಯತಕ್ಕದ್ದಲ್ಲ, ಅದಕ್ಕೆ ಬೀಗ ಹಾಕಿ ಕೀಲಿಯನ್ನು ಕಚೇರಿಯಲ್ಲಿ ಇಡತಕ್ಕದ್ದು. ಇಳಿಜಾರಿಗೆ ಕಾವಲುಗಾರನೂ ಸ್ಥಾವರದ ಹೊಣೆಗಾರನೂ ಸೇರಿ ಉಪ್ಪು ಹಾಕತಕ್ಕದ್ದು.

"ಸ್ಥಾವರದ ಸುರಕ್ಷತಾ ಹೊಣೆಗಾರ ನೀವು. ನಿಮ್ಮ ಮುದ್ರೆ ಬೇಕು. ಬೇಡ ಅಂದ್ರೆ ಹಳೆ ಕರಡೇ ಮತಕ್ಕೆ ಹೋಗತ್ತೆ."

ದೊಕ್‌ಸು ಬಾಗಿಲ ಕಡೆ ನೋಡಿದ. ಮಾನ್‌ಬೊಕ್ ತಲೆ ಎತ್ತಿರಲಿಲ್ಲ. ಟೋಪಿಯ ಅಂಚನ್ನು ತಿರುಗಿಸುತ್ತಿದ್ದ ಬೆರಳುಗಳು ನಿಂತಿದ್ದವು. ಅರವತ್ತೆಂಟರ ವಯಸ್ಸಿಗೆ ಇನ್ನೊಂದು ಕಾವಲು ಕೆಲಸ ಸಿಗುವುದಿಲ್ಲ. ದೊಕ್‌ಸು ಜೇಬಿನಿಂದ ಸಹಿಯ ಬದಲು ಬಳಸುವ ಹೆಸರಿನ ಮುದ್ರೆ ತೆಗೆದು ಕೆಂಪು ಮಸಿಗೆ ತಾಗಿಸಿ ಕಾಗದದ ಮೇಲೆ ಒತ್ತಿದ. ನಿರ್ಣಯ ಐದಕ್ಕೆ ಎರಡು ಮತಗಳಿಂದ ಅಂಗೀಕಾರವಾಯಿತು.

ಹೊರಗೆ ಬಂದಮೇಲೆ ಮಾನ್‌ಬೊಕ್ ನಾಣ್ಯ ಹಾಕುವ ಯಂತ್ರದಿಂದ ಎರಡು ಬಿಸಿ ಕಾಫಿ ಡಬ್ಬ ತಂದು ಒಂದನ್ನು ಅವನ ಕೈಗಿಟ್ಟ.

"ಬಾಂಗ್ ತಮ್ಮಾ, ನಿನ್ನ ಉಪಕಾರ ಸತ್ತರೂ ಮರೆಯಲ್ಲ."

"ಹಾಗನ್ಬೇಡಿ ಅಣ್ಣಾ. ಕೇಳಿಸ್ಕೊಂಡ್ರಲ್ಲ. ಅಜ್ಜೀನ ಬೀಳಿಸಿದ್ದು ನಾನು."

"ಅದೇನು ಹೊಸ ವಿಷಯ? ಮೂರು ವರ್ಷದಿಂದ ಆ ಹೊಗೆ ಕೆಳಗೆ ನಿಂತು ಪೊರಕೆ ಹಿಡಿಯೋನು ನಾನು. ನಂಗೆ ಗೊತ್ತಿಲ್ವಾ ಅದೆಲ್ಲಿಂದ ಬರತ್ತೆ ಅಂತ?"

ದೊಕ್‌ಸುವಿನ ಕೈಯಲ್ಲಿ ಡಬ್ಬ ಹಾಗೇ ಉಳಿಯಿತು. "ಮತ್ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನಿನಗೆ ಗಾಜಿನ ಫಲಕ ಕೊಟ್ಟು ಚಪ್ಪಾಳೆ ತಟ್ಟಿದ್ರಲ್ಲ, ಅವರಿಗಾ? ಕಾವಲುಗಾರ ಹೊಗೆಶಾಸ್ತ್ರ ಹೇಳ್ತಾನೆ ಅಂತ ಅವತ್ತೇ ಮನೆಗೆ ಕಳಿಸ್ತಿದ್ರು." ಮಾನ್‌ಬೊಕ್ ನಕ್ಕ. "ನಿಂಗೆ ಹೇಳ್ಬೋದಿತ್ತು. ನೀನು ಮೇಲೆ ಬಂದಿದ್ರೆ."

ದೊಕ್‌ಸು ಡಬ್ಬವನ್ನು ತೆರೆಯದೆ ಜೇಬಿಗಿಟ್ಟು ನೆಲಮಾಳಿಗೆಯ ಮೆಟ್ಟಿಲಿಳಿದ.

ಮರುದಿನ ಬೆಳಗ್ಗೆ ಅಂಕಿ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ ತೋರಿಸಿತು. ಪಕ್ಕದ ದಾರಿಯ ಹಿಡಿಗೆ ಆಗಲೇ ಹಿತ್ತಾಳೆಯ ಬೀಗ ಬಿದ್ದಿತ್ತು. ಕೆಲಸ ಬಿಟ್ಟು ಹೋಗೋಣವೆಂದರೆ ಸುರಕ್ಷತಾ ಹೊಣೆಗಾರನ ಹೆಸರಿಲ್ಲದೆ ಎಂಜಿನ್ ಓಡಿಸುವಂತಿಲ್ಲ. ಬದಲಿ ಆಳು ಸಿಗದೆ, ಅವನನ್ನು ಇಲ್ಲಿಗೆ ಕಳಿಸಿದ್ದ ಕಂಪನಿ ಹೋದ ವಸಂತದಲ್ಲೇ ಅವನ ಒಂದು ರಾಜೀನಾಮೆಯನ್ನು ಹಿಂದಕ್ಕೆ ಕೊಟ್ಟಿತ್ತು. ಹೋದರೂ ಮುದ್ರೆ ಆ ಕಾಗದದ ಮೇಲೆ ಇದ್ದೇ ಇರುತ್ತದೆ.

ಉಪ್ಪಿನ ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಮಾನ್‌ಬೊಕ್ ಇಳಿಜಾರಿನ ತುದಿಯಲ್ಲಿ ನಿಂತಿದ್ದ. ಇಬ್ಬರೂ ಆಚೆ ಈಚೆ ಬದಿಯಿಂದ ಎರಚುತ್ತಾ ಕೆಳಗಿಳಿದರು. ಬಸ್ ನಿಲ್ದಾಣ ಮುಟ್ಟಿ ತಿರುಗಿ ನೋಡಿದರೆ ಮೇಲೆ ಬಿಳಿ ಆವಿ ಬಾಗುತ್ತಿತ್ತು.

"ಮತ್ತೆ ಗಡ್ಡೆ ಕಟ್ಟೋಕೆ ಎಷ್ಟು ಹೊತ್ತು ಅಂದೆ ನೀನು, ನಿನ್ನ ಲೆಕ್ಕದಲ್ಲಿ?" ಎಂದು ಮಾನ್‌ಬೊಕ್ ಕೇಳಿದ.

"ನಲವತ್ತು ನಿಮಿಷ. ಇವತ್ತಿನ ಚಳಿಗೆ ಮೂವತ್ತೈದು."

"ಸರಿ, ಬಕೆಟ್ ತುಂಬಿಸ್ಕೊಂಡು ಬಾ."

ಮೊದಲ ಬಸ್ಸಿಗೆ ಹೊರಟ ಒಬ್ಬ ಹೆಂಗಸು ಮೇಲಿನಿಂದ ಇಳಿಯತೊಡಗಿದ್ದಳು. "ಅಮ್ಮಾ, ಕಂಬಿ ಹಿಡ್ಕೊಳ್ಳಿ!" ಎಂದು ದೊಕ್‌ಸು ಕೂಗಿದ. ಅವಳು ಆವಿಯೊಳಗೆ ಹೊಕ್ಕಳು. ಕೈ ಕಂಬಿ ಹಿಡಿಯಿತೋ ಇಲ್ಲವೋ ಅವನಿಗೆ ಕಾಣಲಿಲ್ಲ.